ಆಯಿಯ ಕನ್ನಡಕ

ಅಥವಾ ಅದು ಕುರ್ಚಿಯಲ್ಲ, ಜೋಳದ ಚೀಲವೇ ಇದ್ದೀತು. ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಚೆಂಡುಹೂವಿನ ವಾಸನೆ ಬಂದರೆ ಈಗಲೂ ಕಣ್ಣಿಗೆ ಕಟ್ಟುವುದು ಎಪ್ಪತ್ತರ ದಶಕದ, ಸುರೇಬಾನದ ನಮ್ಮ ಪಡಸಾಲೆಯ ಒಂದು ಮಧ್ಯಾಹ್ನ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಹೂ ಕಟ್ಟಿದ ಬಿದಿರಿನ ವಿಮಾನದಲ್ಲಿ ಕೂರಿಸಿ, ಭಜನೆಯೊಂದಿಗೆ ಹೊರುತ್ತಾರೆ. ಅಪ್ಪನ ತಾಯಿ, ನಮ್ಮ ಆಯಿ, ಗಟ್ಟಿಮುಟ್ಟಾಗಿದ್ದಾಗಲೇ, ಆ ಮಧ್ಯಾಹ್ನ, ಆ ಕುರ್ಚಿಯ ಮೇಲೋ ಚೀಲದ ಮೇಲೋ ಚಕ್ಕಳಮಕ್ಕಳ ಹಾಕಿ ಕೂತು ಅದರ ತಾಲೀಮು ಮಾಡಿದಳು.

"ನನ್ನ ಕನ್ನಡಕ ಹಾಕೇ ಕುಂದ್ರಸ್ರಿ," ಎಂದಳು.

"ಸತ್ತ ಮ್ಯಾಲೆ ಕನ್ನಡಕ ಯಾಕಬೇ ಯವ್ವಾ?" ಅಪ್ಪ ಕೇಳಿದ.

"ನೆಗೆಣ್ಣಿ ಅಳತಾಳೋ ಇಲ್ಲೋ ನೋಡಬ್ಯಾಡೇನು? ಮಾತು ಬಿಟ್ಟು ಎಷ್ಟೋ ವರ್ಷಾತು. ವಿಮಾನ ಅಕಿ ಬಾಗಲಾ ಮುಂದ ನಿಲ್ಲಸ್ರಿ. ಭಜನಿಯವರು ಅಲ್ಲಿ ಎರಡು ಪದಾ ಹೆಚ್ಚಿಗಿ ಹಾಡಲಿ." ನೆಗೆಣ್ಣಿ ಎಂದರೆ ಆಯಿಯ ವಾರಗಿತ್ತಿ, ಅಜ್ಜನ ತಮ್ಮನ ಹೆಂಡತಿ.

"ಅಕಿನ ಮೊದಲ ಹ್ವಾದ್ರ?"

ಆಯಿ ಎದ್ದೇ ನಿಂತಳು. "ಹೆಂಗ ಹೋಗ್ತಾಳ? ನಾ ಬಿಡೂದಿಲ್ಲ!"

ಆಯಿಯ ಮಾತೇ ನಡೆಯಿತು. ನಿಜವಾದ ವಿಮಾನ ಆ ಬಾಗಿಲ ಮುಂದೆ ನಿಂತ ದಿನ ನೆಗೆಣ್ಣಿ ಹೊರಗೆ ಬಂದು, "ಇಷ್ಟು ಹೊಲಸು ಕನ್ನಡಕದಾಗ ನಿಮ್ಮವ್ವಗ ಏನ ಕಾಣಬೇಕೋ?" ಎಂದು ಅಪ್ಪನನ್ನು ಬೈದಳು. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ನೆಟ್ಟಗೆ ಹಾಕಿದಳು.

ಆಮೇಲೆ ಆ ಸೆರಗು ಅವಳ ಕಣ್ಣಿಗೆ ಹೋಯಿತೋ ಇಲ್ಲವೋ, ನನಗೆ ಗೊತ್ತಿಲ್ಲ. ನನ್ನ ಮುಂದೆ ದೊಡ್ಡವರು ನಿಂತಿದ್ದರು.