ಕಣ್ಣಿನ ಹನಿ

ಹೊಸ ಕಣ್ಣಿನ ಔಷಧದ ಪರೀಕ್ಷೆಗೆ ಹೆಸರು ಕೊಟ್ಟಿದ್ದ ಒಂದೇ ಮನೆಯ ವಾರಗಿತ್ತಿಯರು ಆರನೆಯ ತಿಂಗಳ ತಪಾಸಣೆಗೆ ಬಂದಿದ್ದರು. ಇಬ್ಬರ ದೃಷ್ಟಿಯೂ ಮೊದಲಿಗಿಂತ ಮಂಜಾಗಿತ್ತು. ಡಾಕ್ಟರು ಬೇಸತ್ತು ಪೆನ್ನನ್ನು ಮೇಜಿನ ಮೇಲೆ ಒಗೆದರು.

“ಖರೇ ಹೇಳ್ರಿ, ದಿನಾ ಹಾಕ್ಕೊಂಡೀರೇನು?”

“ದೇವರ ದೀಪ ಒಂದಿನ ತಪ್ಪಿರಬೇಕು ಸಾಹೇಬ್ರ, ಇದು ತಪ್ಪಿಲ್ಲ,” ಎಂದಳು ಕಿರಿಯಳು.

“ಮತ್ತ ಒಬ್ಬರಿಗರೆ ಗುಣ ಕಾಣಬೇಕಿತ್ತಲ್ಲ! ಹಿಂಗಾದ್ರ ಇಬ್ಬರದೂ ಕಣ್ಣು ಹೋಗ್ತಾವ.”

ಹಿರಿಯಳು ಸೆರಗು ಸರಿಮಾಡಿಕೊಂಡು ನಿಧಾನವಾಗಿ ಹೇಳಿದಳು:

“ಒಬ್ಬಾಕಿ ಬಾಟ್ಲ್ಯಾಗ ಔಷಧ, ಇನ್ನೊಬ್ಬಾಕಿದರಾಗ ಬರೇ ನೀರು ಇರ್ತದ, ಯಾರಿಗೆ ಯಾವುದು ಅಂತ ನಮಗೂ ಗೊತ್ತಿಲ್ಲ ಅಂದಿದ್ರಿ. ಒಂದೇ ಒಲಿ ಮ್ಯಾಲಿನ ರೊಟ್ಟಿ ತಿನ್ನಾವ್ರು ನಾವು. ಮನಿಗೆ ಹೋದಕೂಡ್ಲೆ ಎರಡನ್ನೂ ಕೂಡಿಸಿ ಸಮ ಹಂಚಿಕೊಂಡ್ವಿ.”