ಮೂರು ವರ್ಷ ಮುಂದಿನ ಕೋರಿಕೆ

ರೋಣದ ರೇಡಿಯೋದಲ್ಲಿ ಬೆಳಗಿನ ಕೋರಿಕೆ ಗೀತೆಗಳು ಮೂರು ವರ್ಷ ಮುಂದಿನ ದಿನಗಳಿಂದ ಬರುತ್ತಿದ್ದವು. ಈಗ ಯಾರಿಗೂ ಅದೊಂದು ಸೋಜಿಗವಾಗಿ ಉಳಿದಿರಲಿಲ್ಲ. ಎದುರುಮನೆಯ ಶಾಂತವ್ವ, ಅದರಲ್ಲಿ ಮಗಳ ಹೆಸರಿನ ಜೊತೆ ಓದಿದ ಗಂಡಸಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಅಳಿಯನನ್ನು ಹುಡುಕಿ ತಂದಿದ್ದಳು.

ದಾಕ್ಷಾಯಣಿ ರೊಟ್ಟಿ ಬಡಿಯುತ್ತಿದ್ದಳು. ಗಂಡ ಗುರುಪಾದಪ್ಪ ಕನ್ನಡಿ ಮುಂದೆ ಗಡ್ಡ ಮಾಡಿಕೊಳ್ಳುತ್ತ, ಮದುವೆಯಾದಾಗಿನಿಂದ ಹಾಡುವ ಅದೇ ರೈಲಿನ ಹಾಡನ್ನು ಅಪಸ್ವರದಲ್ಲಿ ಹಾಡುತ್ತಿದ್ದ.

"ಸಾಕ್ ಮಾಡ್ರಿ, ತಲಿ ಚಿಟ್ಟ ಹಿಡೀತು!" ಎಂದು ಆಕೆ ದಿನದಂತೆ ಗದರಿದಳು.

ಅಷ್ಟರಲ್ಲಿ ರೇಡಿಯೋದ ಹೆಣ್ಣುದನಿ ಓದಿತು: "ರೋಣದಿಂದ ದಾಕ್ಷಾಯಣಿ, ಮಕ್ಕಳಾದ ಪ್ರಭು ಮತ್ತು ಸುಮಾ."

ಈ ಮನೆಯ ಕೋರಿಕೆಯಲ್ಲಿ ಯಾವಾಗಲೂ ಗುರುಪಾದಪ್ಪನ ಹೆಸರೇ ಮೊದಲು ಇರುತ್ತಿತ್ತು. ಅವನು ಕತ್ತಿ ಕೆಳಗಿಟ್ಟ.

"ನನ್ನ ಹೆಸರ ಬರ್ಲಿಲ್ಲಲ್ಲ?"

"ಮರ್ತಿರಬೇಕ್ರಿ."

"ಗಂಡನ್ನ ಮರೀತಿ? ಜಗಳಾ ಮಾಡಿರ್ತೀವೇನ?"

"ಜಗಳಾ ಆದಾಗೂ ನಿಮ್ಮ ಹೆಸರ ಬರೀತೀನ್ರಿ ನಾ."

"ಹಂಗಾರ ನಾ ಎಲ್ಲೆರೆ ಊರಿಗೆ ಹೋಗಿರಬೇಕು," ಎಂದು ನಕ್ಕ. ಯಾವ ಊರು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಹಾಡು ಶುರುವಾಯಿತು. ಅದೇ ರೈಲಿನ ಹಾಡು.

ಅರ್ಧ ಮುಖದ ಮೇಲೆ ಸೋಪಿನ ನೊರೆ ಹಾಗೆಯೇ ಇತ್ತು. ಅವನು ಹೆಂಡತಿಯತ್ತ ತಿರುಗಿದ.

"ಇದು ನಿನಗ ಸೇರೂದಽ ಇಲ್ಲಲ್ಲ. ನೀ ಯಾಕ ಕೇಳಿದಿ?"

ಹಂಚಿನ ಮೇಲೆ ರೊಟ್ಟಿ ಸೀದು ಹೊಗೆಯಾಡುತ್ತಿತ್ತು. ದಾಕ್ಷಾಯಣಿ ಹಿಟ್ಟಿನ ಕೈಯಲ್ಲೇ ರೇಡಿಯೋ ಬಂದ್ ಮಾಡಿದಳು.

"ಅದನ್ನ ಬಿಡ್ರಿ," ಅಂದಳು. "ನೀವ ಹಾಡ್ರಿ. ಮೊದ್ಲಿಂದ ಹಾಡ್ರಿ."