ಬಾಡಿಗೆ ಬಾಯಿ

ಕ್ಯಾಪ್ಟನ್ ಟೀವಿ ಸ್ಟುಡಿಯೋದೊಳಗೆ ಕಾಲಿಟ್ಟಾಗ ದುಭಾಷಿಯ ಹೊಟ್ಟೆಯಲ್ಲಿ ಹೊತ್ತಿಕೊಂಡ ಬೆಂಕಿಗೆ ಇಡೀ ಊರಿನ ಅಡುಗೆ ಬೇಯುತ್ತಿತ್ತು. ಮುಖದಲ್ಲಿ ಮಾತ್ರ ಹೊಗೆಯಿಲ್ಲ. “ನಮಸ್ಕಾರ ಸರ್” ಎಂದ, ಏಳು ಜನ್ಮದಲ್ಲೂ ನೋಡಿಲ್ಲದವನ ಹಾಗೆ.

ಕ್ಯಾಪ್ಟನ್ ಗುರುತು ಹಿಡಿದ. ಬಳಿದ ಪೌಡರಿನ ಕೆಳಗೆ ಬಣ್ಣ ಇಳಿಯಿತು. ಆದರೆ ಬಾಯಿಬಿಡುವಂತಿರಲಿಲ್ಲ. ಪರದೇಶದ ಆ ಕೈದಿಗಳ ಶಿಬಿರಕ್ಕೆ ತಾನು ಕಾಲೇ ಇಟ್ಟಿಲ್ಲವೆಂದು ಒಂದು ವಾರದಿಂದ ಸಿಕ್ಕಸಿಕ್ಕ ಪತ್ರಿಕೆಗೆಲ್ಲ ಹೇಳಿದ್ದ. ಕಾಲಿಡದ ಜಾಗದ ದುಭಾಷಿ ಪರಿಚಯವಾಗುವುದು ಹೇಗೆ?

ಈ ದುಭಾಷಿ ಸಾಮಾನ್ಯನಲ್ಲ. ಏಳು ಭಾಷೆಯಲ್ಲಿ ಮಾತಾಡುತ್ತಾನೆ, ಎಂಟನೆಯದರಲ್ಲಿ ಗೊರಕೆ ಹೊಡೆಯುತ್ತಾನೆ. ಅವನು ಬಾಯಿ ತೆರೆದರೆ ಗಿಳಿಗಳು ನಾಚಿ ಮೂಕವಾಗುತ್ತವೆ. ಕ್ಯಾಪ್ಟನ್ನನ ಸೈನ್ಯ ಅವನ ದೇಶದಲ್ಲಿದ್ದಷ್ಟು ಕಾಲ ಅವನೇ ಅದರ ನಾಲಿಗೆ. ಚೀಲದಿಂದ ತಲೆ ಮುಚ್ಚಿದ ಕೈದಿಗಳನ್ನು ಸಾಲಾಗಿ ತರುತ್ತಿದ್ದರು. ಇವನ ಬಾಯಿಂದ ತಪ್ಪೊಪ್ಪಿಗೆಗಳು ಲಾರಿಗಟ್ಟಲೆ ಇಳಿಯುತ್ತಿದ್ದವು. ಅರ್ಥವಾಗದ ಕಡೆ ಅಂದಾಜು, ಅಂದಾಜೂ ಸಿಗದ ಕಡೆ ಕಲ್ಪನೆ. ಕೇಳುವವರಾರು?

ಸೈನ್ಯ ಗಂಟುಮೂಟೆ ಕಟ್ಟಿದ ದಿನ ವಿಮಾನದಲ್ಲಿ ದುಭಾಷಿಯ ಅಣ್ಣ ಅತ್ತಿಗೆಗೂ ಜಾಗ ಕೊಡುತ್ತೇನೆಂದು ಕ್ಯಾಪ್ಟನ್ ಮಾತು ಕೊಟ್ಟಿದ್ದ. ಆ ಜಾಗದಲ್ಲಿ ತನ್ನ ನಾಯಿಯನ್ನು ಕೂರಿಸಿಕೊಂಡು ಹಾರಿದ. ದುಭಾಷಿ ಹೇಗೋ ತೂರಿಕೊಂಡು ಈ ಊರು ಸೇರಿದ. ಅಣ್ಣನ ಸುದ್ದಿ ಅಂದಿನಿಂದ ಇಲ್ಲ. ಕ್ಯಾಪ್ಟನ್ನನ್ನು ಲೋಕದೆದುರು ಹರಾಜು ಹಾಕದೆ ಸಾಯುವುದಿಲ್ಲವೆಂದು ದುಭಾಷಿ ಆಣೆ ಮಾಡಿದ್ದ. ಇವತ್ತು ಆ ಹರಾಜು ನೇರ ಪ್ರಸಾರದಲ್ಲಿ!

“ಸಾಕ್ಷಿ ನಿಮ್ಮನ್ನೇ ಕರೆಸಿ ಅಂತ ವಕೀಲರ ಕೈಲಿ ಹೇಳಿ ಕಳಿಸಿದಾರೆ ಕಣ್ರೀ. ಬೇರೆ ಯಾರನ್ನೂ ಒಪ್ಪಲಿಲ್ಲ,” ಎಂದಳು ನಿರೂಪಕಿ. “ಟೀವಿಯಲ್ಲಿ ಕೇಳಿದ ನಿಮ್ಮ ದನಿ ಅಷ್ಟು ಇಷ್ಟವಂತೆ.”

“ಯಾರಿಗೆ ತಾನೇ ಇಷ್ಟ ಇಲ್ಲ, ಮೇಡಂ!” ದುಭಾಷಿಯ ಎದೆ ಉಬ್ಬಿ ಅಂಗಿಯ ಗುಂಡಿ ಹಾರುವುದೊಂದು ಬಾಕಿ.

ಹಾಗೆ ಹೇಳಿ ಕಳಿಸಿದ ಸಾಕ್ಷಿ ಆ ಶಿಬಿರದಿಂದ ಬಿಡುಗಡೆಯಾದ ಮುದುಕ, ದುಭಾಷಿಯ ದೇಶದವನೇ, ಕಸುಬಿನಲ್ಲಿ ಕಲ್ಲುಕುಟಿಗ. ಅವನ ಅಂಗೈ ಮುಟ್ಟಿದರೆ ಉಳಿಯೇ ಮೊಂಡಾಗಬೇಕು. ಮೈಕು ಸಿಕ್ಕಿಸುತ್ತಿದ್ದವನು ಗೊಣಗಿದ: “ಆ ಕ್ಯಾಪ್ಟನ್ ಮುಖಕ್ಕೆ ಬಳಿದಿರೋ ಸುಣ್ಣದಲ್ಲಿ ನಮ್ಮನೆ ಗೋಡೆಗೆ ಎರಡು ಸಲ ಹೊಡೀಬಹುದಿತ್ತು.” ಕಲ್ಲುಕುಟಿಗನ ಮೀಸೆ ಅದುರಿತು. ಸೀನು ಬಂತೇನೋ ಎಂದುಕೊಂಡ ದುಭಾಷಿ.

“ಹೆದರಬೇಡಿ ಯಜಮಾನ್ರೇ,” ಎಂದ ತಮ್ಮ ಭಾಷೆಯಲ್ಲಿ.

“ನಿನ್ನ ಬಾಯಿ ಇರೋವಾಗ ನನಗೇನಪ್ಪಾ ಭಯ? ನೀನು ಹೇಳಿದ್ದೇ ಆಗುತ್ತೆ.”

ದೀಪ ಹತ್ತಿತು. ನಿರೂಪಕಿ ಶುರುಮಾಡಿದಳು: ಬಂದೂಕಿನ ಗುಂಡು ತಯಾರಿಸುತ್ತೇನೆಂದು ಈ ಕಲ್ಲುಕುಟಿಗನೇ ಒಪ್ಪಿಕೊಂಡನೆಂಬುದು ಸೈನ್ಯದ ವಾದ, ಅದಕ್ಕಾಗಿ ನಾಲ್ಕು ವರ್ಷ ಒಳಗಿದ್ದ. “ನಿಮ್ಮನ್ನ ಹೊಡೆದವರು ಯಾರು?”

ದುಭಾಷಿ ಅದನ್ನೇ ತಮ್ಮ ಭಾಷೆಯಲ್ಲಿ ಕೇಳಿದ. ಕಲ್ಲುಕುಟಿಗ ನಿಧಾನವಾಗಿ ಹೇಳಿದ: “ಹೊಡೆದದ್ದು ನಿಜ. ತಲೆಗೆ ಚೀಲ ಹಾಕಿದ್ರು. ಮುಖ ನೋಡಲಿಲ್ಲ.”

ದುಭಾಷಿ ಗಂಟಲು ಸರಿಮಾಡಿಕೊಂಡ. ಅವನ ಕಸುಬಿನಲ್ಲಿ ‘ಅವನು’ ಎನ್ನುವ ಪದವಿಲ್ಲ, ಹೇಳುವವನೇ ತಾನಾಗಬೇಕು. “ನಾನು ಚೀಲದ ತೂತಿನಿಂದ ನೋಡಿದೆ,” ಎಂದ. “ಹೊಡೆದದ್ದು ಇಲ್ಲಿ ಕೂತಿರೋ ಈ ಕ್ಯಾಪ್ಟನ್ನೇ!”

ಕ್ಯಾಪ್ಟನ್ ಕುರ್ಚಿಯ ಕೈ ಹಿಡಿದುಕೊಂಡ.

“ಕಾವಲಿನವನೊಬ್ಬ ಒಳ್ಳೆಯವನು,” ಕಲ್ಲುಕುಟಿಗ ಮುಂದುವರಿಸಿದ. “ಕದ್ದು ನೀರು ಕೊಡ್ತಿದ್ದ. ಕೂತು ಮಾತಾಡ್ತಿದ್ದ, ಬೇಜಾರು ಕಳೆಯೋಕೆ.”

“ಕಾವಲಿನವರಿಗೆಲ್ಲ ಇವನದೇ ಅಪ್ಪಣೆ,” ದುಭಾಷಿಯ ದನಿಯಲ್ಲಿ ಕಣ್ಣೀರು ಕೊಡಗಟ್ಟಲೆ ಹರಿಯಿತು. “‘ನೀರು ಕೇಳಿದರೆ ಉಗಿಯಿರಿ’ ಅಂತ ಇವನು ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ!”

“ಸುಳ್ಳು!” ಕ್ಯಾಪ್ಟನ್ ಎದ್ದೇಬಿಟ್ಟ. “ಈ ದುಭಾಷಿ ಬಾಯಿಗೆ ಬಂದದ್ದು ಒದರ್ತಿದಾನೆ! ಅಲ್ಲೂ ನನ್ನ ಪಕ್ಕ ಕೂತು ಹೀಗೇ ಉಪ್ಪುಖಾರ ಹಚ್ತಿದ್ದ!”

ನಿರೂಪಕಿ ಕೈಯಲ್ಲಿದ್ದ ಕಾಗದ ಕೆಳಗಿಟ್ಟಳು.

“ಅಲ್ಲೂ ಅಂದ್ರೆ?” ನಿರೂಪಕಿ ಮೆಲ್ಲಗೆ ಕೇಳಿದಳು. “ನೀವು ಅಲ್ಲಿಗೆ ಹೋಗೇ ಇರಲಿಲ್ಲ ಅಲ್ವಾ, ಕ್ಯಾಪ್ಟನ್?”

ಕ್ಯಾಪ್ಟನ್ ಕೂತ. ಕೂತದ್ದೇನು, ಕುರ್ಚಿಯೊಳಗೆ ಹೂತುಹೋದ. ದುಭಾಷಿಯ ಎದೆಯಲ್ಲಿ ಸಾವಿರ ನಗಾರಿ. ‘ನಾಯಿಯನ್ನು ಕೂರಿಸಿಕೊಂಡೆಯಲ್ಲಾ, ಈಗ ನಾಯಿಪಾಡು ಅನುಭವಿಸು!’ ಕಲ್ಲುಕುಟಿಗನ ಕಡೆ ಬಾಗಿ ಪಿಸುಗುಟ್ಟಿದ: “ಬಿದ್ದ ನೋಡಿ ಯಜಮಾನ್ರೇ!”

“ನೋಡಿದೆ ಮಗಾ. ಒಬ್ಬ ಬಿದ್ದ.”

“ಕೊನೆಯದಾಗಿ ಏನಾದರೂ ಹೇಳ್ತಾರಾ ಕೇಳಿ,” ಎಂದಳು ನಿರೂಪಕಿ.

ದುಭಾಷಿ ಬಾಯಿ ತೆರೆದ. ಕಲ್ಲುಕುಟಿಗ ತನ್ನ ಕಲ್ಲಿನಂಥ ಕೈಯನ್ನು ಆ ಬಾಯಿಗೆ ಅಡ್ಡ ಹಿಡಿದ.

“ಕೇಳಿಸ್ತು ತಾಯಿ,” ಎಂದ. ತನ್ನ ಭಾಷೆಯಲ್ಲಲ್ಲ. ನಿರೂಪಕಿಯ ಭಾಷೆಯಲ್ಲಿ, ಸಿಪಾಯಿಗಳ ಅದೇ ಒರಟು ಉಚ್ಚಾರದಲ್ಲಿ. “ಕಾವಲಿನವನು ಕಲಿಸಿದ. ನಾನು ಹೇಳಿದ್ದೇನು, ಇವನು ಹೇಳಿದ್ದೇನು, ಎರಡೂ ನಿಮ್ಮ ಮೈಕಿನಲ್ಲಿ ಇದೆ. ಯಾರಿಗಾದ್ರೂ ಕೇಳಿಸಿ, ತಾಳೆ ನೋಡಿ. ಚೀಲದೊಳಗೆ ಮುಖ ಕಾಣಲ್ಲ, ದನಿ ಕೇಳುತ್ತೆ. ನಾಲ್ಕು ವರ್ಷ ನನ್ನನ್ನ ಒಳಗಿಟ್ಟದ್ದು ಈ ದನಿ. ಅದನ್ನ ಹಿಡಿಯೋಕೇ ಇವನನ್ನ ಕರೆಸಿದ್ದು.”

ಆಮೇಲೆ ದುಭಾಷಿಯ ಕಡೆ ತಿರುಗಿ, ತಮ್ಮಿಬ್ಬರ ಭಾಷೆಯಲ್ಲಿ, ತೀರಾ ಸಮಾಧಾನದಿಂದ ಹೇಳಿದ:

“‘ಗುಂಡು ಮಾಡೋನು’ ಅಂದಿದ್ದೆ ಕಣೋ ಅವತ್ತು. ರುಬ್ಬೋ ಗುಂಡು!”